ಕಾಳೀ ನದಿಯ ಮೇಲ್ಸೀಮೆ: ನಮ್ಮ ಒಕ್ಕಲುತನದ ಪೂರ್ವೇತಿಹಾಸ

ಶತಮಾನ ಪೂರೈಸಿದ ಇಗರ್ಜಿಯೊಂದರ ಚರಿತ್ರೆಯನ್ನು ಬರೆಯಹೊರಟವರು ಕಟ್ಟಡದ ಕಲ್ಲು, ಗಂಟೆ, ಪೀಠ ಹಾಗೂ ಸೇವೆ ಸಲ್ಲಿಸಿದ ಗುರುಗಳ ಪರಂಪರೆ ಇವುಗಳನ್ನು ನೆನೆಯುವುದು ವಾಡಿಕೆ. ಆ ಕಾರ್ಯವನ್ನು ನನಗಿಂತ ಬಲ್ಲವರಿಗೆ ಬಿಟ್ಟು, ಇಗರ್ಜಿಯ ಅಂಗಳದಾಚೆಯ ನೆಲದ ಕಥೆಯನ್ನು ಹೇಳಲು ಇಲ್ಲಿ ಪ್ರಯತ್ನಿಸಿದ್ದೇನೆ. ಭಾನುವಾರದ ಬಲಿಪೂಜೆಗೆಂದು ಹರದಾರಿಗಟ್ಟಲೆ ನಡೆದುಬರುತ್ತಿದ್ದ ನಮ್ಮ ಹಿರಿಯರ ಕಾಲಿಗೆ ಮೆತ್ತಿದ್ದ ಕೆಸರು ಯಾವ ಹೊಲದ್ದು? ಆ ಹೊಲ ಯಾರ ಹೆಸರಿನಲ್ಲಿತ್ತು? ಅದು ಕಾಡಿನಿಂದ ಹೊಲವಾದುದು ಎಂದು, ಮತ್ತೆ ಕಾಡೆಂದು ಕಾಗದದಲ್ಲಿ ಬರೆಯಲ್ಪಟ್ಟುದು ಎಂದು? ಇವು ನಮ್ಮ ಧರ್ಮಕೇಂದ್ರದ ಚರಿತ್ರೆಗೆ ಹೊರಗಿನ ಪ್ರಶ್ನೆಗಳಲ್ಲ. ದೇವಾಲಯಕ್ಕೆ ಕಾಣಿಕೆಯಾಗಿ ಬಂದ ಭತ್ತದ ಮೊದಲ ಸೇರು ಈ ಮಣ್ಣಿನಿಂದಲೇ ಬಂದುದು.

ಹಳಿಯಾಳ, ಜೋಯಿಡಾ, ಮುಂಡಗೋಡ ಮತ್ತು ಇತ್ತೀಚೆಗೆ ಪ್ರತ್ಯೇಕ ತಾಲೂಕಾದ ದಾಂಡೇಲಿ, ಇವು ಉತ್ತರ ಕನ್ನಡ ಜಿಲ್ಲೆಯಲ್ಲಿದ್ದರೂ ಕಡಲನ್ನು ಕಾಣದ ಸೀಮೆಗಳು. ಕಾರವಾರದವರಿಗೆ ನಾವು ಘಟ್ಟದ ಮೇಲಿನವರು, ಧಾರವಾಡದವರಿಗೆ ಕಾಡಿನವರು. ಎರಡು ಮಾತೂ ಸುಳ್ಳಲ್ಲ. ಜೋಯಿಡಾದ ಡಿಗ್ಗಿಯ ಬಳಿ ಹುಟ್ಟುವ ಕಾಳೀ ನದಿಯು ಸುಮಾರು 184 ಕಿಲೋಮೀಟರು ಹರಿದು ಕಾರವಾರದಲ್ಲಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಪಶ್ಚಿಮದ ಕ್ಯಾಸಲ್‌ರಾಕ್ ಕಡೆ ಸುರಿಯುವ ಮಳೆ ಪೂರ್ವದ ಹಳಿಯಾಳಕ್ಕೆ ಬರುವಷ್ಟರಲ್ಲಿ ಹಲವು ಪಟ್ಟು ತಗ್ಗಿರುತ್ತದೆ. ಒಂದು ದಿನದ ಎತ್ತಿನ ಗಾಡಿಯ ಹಾದಿಯಲ್ಲಿ ಮಲೆನಾಡು ಮುಗಿದು ಬಯಲುಸೀಮೆ ಕಣ್ಣಿಗೆ ಬೀಳುತ್ತದೆ. ಇಲ್ಲಿಯ ಬೇಸಾಯದ ಬಗೆಗಳೆಲ್ಲವೂ ಈ ಮಳೆಯ ಇಳಿಜಾರನ್ನು ಅನುಸರಿಸಿ ಬೆಳೆದುಬಂದವು: ಜೋಯಿಡಾದಲ್ಲಿ ಕುಮ್ರಿ, ಗಡ್ಡೆಗೆಣಸು ಮತ್ತು ಕಣಿವೆಯ ಗದ್ದೆ, ಹಳಿಯಾಳ, ಮುಂಡಗೋಡಗಳಲ್ಲಿ ಕೂರಿಗೆಯ ಭತ್ತ, ಪೂರ್ವದ ಅಂಚಿನಲ್ಲಿ ಹತ್ತಿ.

ಪ್ರಾಚೀನ ಕಾಲದ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ. ಒಂದು ಕಡೆ ಬನವಾಸಿ, ಇನ್ನೊಂದು ಕಡೆ ಹಲಸಿ, ಈ ಎರಡು ಕದಂಬ ನೆಲೆಗಳ ನಡುವೆ ನಮ್ಮ ಸೀಮೆ ಇದ್ದಿತು. ಮುಂದೆ ಸೋದೆಯ ಅರಸರು ಇದನ್ನು ಆಳಿದರು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯ ಸೇನೆ ಸೋದೆಯ ಮೇಲೂ ತಿರುಗಲು, ಅಲ್ಲಿಯ ಅರಸನು ಗೋವೆಗೆ ಹೋಗಿ ಪೋರ್ತುಗೀಜರ ಆಶ್ರಯ ಪಡೆದನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯ ಕನ್ನಡ ಜಿಲ್ಲೆಯು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರನಾದನು. ಮರುವರ್ಷ ಧೋಂಡಿಯಾ ವಾಘನನ್ನು ಬೆನ್ನಟ್ಟಿದ ಆರ್ಥರ್ ವೆಲ್ಲೆಸ್ಲಿಯ ಪತ್ರಗಳಲ್ಲಿ ಹಳಿಯಾಳ ಠಾಣೆಯ ಹೆಸರು ಬರುತ್ತದೆ. ಮುಂದೆ ವಾಟರ್ಲೂ ರಣಾಂಗಣದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ನನೇ ಈತನೆಂದು ತಿಳಿದಾಗ ನಮ್ಮ ಶಾಲೆಯ ಮಕ್ಕಳಿಗೆ ಸೋಜಿಗವಾದೀತು. ಆದರೆ ಒಕ್ಕಲಿಗನ ದೃಷ್ಟಿಯಿಂದ ನೋಡಿದರೆ ಆ ನಾಲ್ಕು ದಶಕಗಳ ಅರ್ಥ ಒಂದೇ: ದಂಡು ಬಂದಾಗ ಧಾನ್ಯ ಹೋಯಿತು, ಎತ್ತು ಹೋಯಿತು, ಜನ ಚದುರಿದರು. ಬಿತ್ತುವವರಿಲ್ಲದ ಹೊಲ ನಮ್ಮಲ್ಲಿ ಬಯಲಾಗಿ ಉಳಿಯುವುದಿಲ್ಲ. ಹತ್ತು ಮಳೆಗಾಲದೊಳಗೆ ಕಾಡಾಗುತ್ತದೆ. ನಮ್ಮ ಹಿರಿಯರಲ್ಲಿ ಅನೇಕರು ಕಡಿದು ಹಸನು ಮಾಡಿದ ಕಾಡು, ಅದಕ್ಕೂ ಹಿಂದಿನ ಯಾರದೋ ಹೊಲವಾಗಿದ್ದಿರಬಹುದು.

ಇನ್ನು ಕೂರಿಗೆಯ ಭತ್ತದ ಮಾತು. ಕರಾವಳಿಯ ನೆಂಟರು ನಮ್ಮಲ್ಲಿಗೆ ಬಂದಾಗ ಇದನ್ನು ಕಂಡು ಬೆರಗಾಗುವುದುಂಟು. ಅವರ ಕಡೆ ಭತ್ತವೆಂದರೆ ಸಸಿಮಡಿ, ಕೆಸರುಗದ್ದೆ, ನಾಟಿ. ನಮ್ಮಲ್ಲಿಯಾದರೋ ಒಣಮಣ್ಣಿನಲ್ಲಿ, ಜೋಳ ಬಿತ್ತುವ ಹಾಗೆ, ಸಾಲು ಹಿಡಿದು ಭತ್ತವನ್ನು ಬಿತ್ತುತ್ತಾರೆ. ಯುಗಾದಿಯ ನಂತರದ ಅಡ್ಡಮಳೆ ಬಿದ್ದೊಡನೆ ನೇಗಿಲು ಹೊಲಕ್ಕಿಳಿಯುತ್ತಿತ್ತು. ಹೆಂಟೆ ಒಡೆದು, ಕುಂಟೆ ಹೊಡೆದು, ಗೊಬ್ಬರ ಹರಡಿ ನೆಲವನ್ನು ಹಿಟ್ಟಿನಂತೆ ಮಾಡಿಕೊಂಡು ರೋಹಿಣಿ ಮಳೆಗಾಗಿ ಕಾಯುತ್ತಿದ್ದರು. ಕೂರಿಗೆಯ ಬಟ್ಟಲಿಗೆ ಬೀಜ ಹಾಕುವ ಕೈ ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳದು. ಬಿದಿರಿನ ಕೊಳವೆಗಳಲ್ಲಿ ಇಳಿಯುವ ಕಾಳು ಎಲ್ಲ ಸಾಲುಗಳಿಗೂ ಸಮನಾಗಿ ಬೀಳಬೇಕು. ಕೈ ತುಸು ತಡವಾದರೆ ಸಾಲಿನಲ್ಲಿ ಬಿರುಕು, ಅವಸರವಾದರೆ ಒತ್ತು. ಪೈರು ಮೊಳಕೆಯೊಡೆದ ಬಳಿಕ ಎಡೆಕುಂಟೆ, ಕಳೆ. ಮಿರಗ, ಆರಿದ್ರೆಗಳು ದಾಟಿ ಪುನರ್ವಸು, ಪುಷ್ಯ ಮಳೆಗಳು ಸುರಿದು ನೀರು ನಿಂತಾಗ ಅದೇ ಒಣಹೊಲವು ಗದ್ದೆಯಾಗುತ್ತದೆ. ಆಗ ಕೊರಡು ಎಳೆದು ಪೈರನ್ನು ಮಲಗಿಸುತ್ತಾರೆ. ನೋಡುವವರಿಗೆ ಬೆಳೆ ಹಾಳಾಯಿತೆನಿಸುತ್ತದೆ. ಎಂಟು ದಿನದಲ್ಲಿ ಅದು ಮೊದಲಿಗಿಂತ ದಟ್ಟವಾಗಿ ಎದ್ದು ನಿಲ್ಲುತ್ತದೆ.

ಈ ಪದ್ಧತಿಯ ಹಿಂದೆ ಇರುವ ವಿವೇಕವನ್ನು ಗಮನಿಸಬೇಕು. ಕೆರೆ ಕಾಲುವೆಗಳ ಆಸರೆಯಿಲ್ಲದ ಈ ಸೀಮೆಯಲ್ಲಿ ನಾಟಿಗೆ ಬೇಕಾದಷ್ಟು ನೀರು ಯಾವಾಗ ಬಂದೀತೆಂಬ ಭರವಸೆಯಿರಲಿಲ್ಲ. ಮಳೆಗೆ ಮೊದಲೇ ಬೀಜವನ್ನು ನೆಲಕ್ಕೆ ಸೇರಿಸಿಬಿಟ್ಟರೆ ಮೊದಲ ಹನಿಯಿಂದಲೇ ಬೆಳೆ ಆರಂಭವಾಗುತ್ತದೆ. ಆದರೆ ರೋಹಿಣಿ ಬಂದು ಮಿರಗ ಕೈಕೊಟ್ಟರೆ ಬಿತ್ತಿದ ಬೀಜ ಮಣ್ಣುಪಾಲು. ಎರಡನೆಯ ಬಿತ್ತನೆಗೆ ಬೀಜವಿಲ್ಲದವನು ಸಾಹುಕಾರನ ಮನೆಯ ಕಟ್ಟೆ ಹತ್ತಬೇಕು. ಸಾಲದ ಭತ್ತ ಸುಗ್ಗಿಯಲ್ಲಿ ಬಡ್ಡಿ ಸಮೇತ ಕಣದಿಂದಲೇ ಹೋಗುತ್ತಿತ್ತು. ಗೇಣಿಯನ್ನೂ ಅಳೆದುಕೊಟ್ಟ ಮೇಲೆ ಮನೆಯ ಕಣಜಕ್ಕೆ ಬಂದುದೆಷ್ಟು ಎಂಬುದನ್ನು ಹಿರಿಯರು ಹೇಳುವಾಗ ನಗುತ್ತಲೇ ಹೇಳುತ್ತಿದ್ದರು. ಆ ನಗೆ ಸಂತೋಷದ್ದಲ್ಲ.

ಕುಮ್ರಿಯ ಕಥೆ ಇದಕ್ಕಿಂತ ಕಠಿಣವಾದುದು. ಜೋಯಿಡಾದ ಕುಣಬಿಗಳು ಮತ್ತು ಇತರರು ಚಳಿಗಾಲದಲ್ಲಿ ಗುಡ್ಡದ ಇಳಿಜಾರಿನ ಗಿಡಗಂಟಿಗಳನ್ನು ಸವರಿ ಒಣಗಲು ಬಿಟ್ಟು, ಬೇಸಿಗೆಯ ಕೊನೆಗೆ ಸುಟ್ಟು, ಬೂದಿಯ ಮೇಲೆ ರಾಗಿ, ಸಾವೆಗಳನ್ನು ಬಿತ್ತುತ್ತಿದ್ದರು. ಒಂದೆರಡು ವರ್ಷ ಬೆಳೆ ತೆಗೆದು ಆ ತುಂಡನ್ನು ಬಿಟ್ಟು ಬೇರೆಡೆಗೆ ಹೋಗುವರು. ಹತ್ತು ಹನ್ನೆರಡು ವರ್ಷದಲ್ಲಿ ಕಾಡು ಮತ್ತೆ ಮುಚ್ಚಿಕೊಳ್ಳುವುದು. ಎತ್ತಿಲ್ಲದವನಿಗೆ, ನೇಗಿಲು ನಡೆಯದ ಗುಡ್ಡದಲ್ಲಿ, ಇದೇ ಬೇಸಾಯ. ಆದರೆ ಹತ್ತೊಂಬತ್ತನೆಯ ಶತಮಾನದ ಸರಕಾರಕ್ಕೆ ಅದೇ ಗುಡ್ಡದಲ್ಲಿ ಕಂಡುದು ಸಾಗುವಾನಿ. ಹಡಗು ಕಟ್ಟಲು ಸಾಗುವಾನಿ ಬೇಕು. ಅನಂತರ ರೈಲಿಗೆ ಹಾಸುಮರ ಬೇಕು. ಮುಂಬಯಿ ಇಲಾಖೆಯ ಅರಣ್ಯಾಧಿಕಾರಿ ಅಲೆಕ್ಸಾಂಡರ್ ಗಿಬ್ಸನ್, ಮದರಾಸಿನ ಹ್ಯೂ ಕ್ಲೆಗಾರ್ನ್ ಇಬ್ಬರೂ ಕುಮ್ರಿಯನ್ನು ವಿನಾಶಕಾರಿಯೆಂದು ಬರೆದರು. 1860ರಲ್ಲಿ ಮದರಾಸು ಸರಕಾರವು ತನ್ನ ಅರಣ್ಯಗಳಲ್ಲಿ ಅಪ್ಪಣೆಯಿಲ್ಲದೆ ಕುಮ್ರಿ ಮಾಡಕೂಡದೆಂದು ನಿಷೇಧಿಸಿತು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಇಲಾಖೆಗೆ ಸೇರಿತು. 1878ರ ಅರಣ್ಯ ಕಾಯಿದೆಯ ಅನ್ವಯ ಗಡಿಕಲ್ಲುಗಳು ಏಳತೊಡಗಿದವು.

ಕುಮ್ರಿಯಿಂದ ಮರಗಳು ನಾಶವಾಗಲೇ ಇಲ್ಲವೆಂದು ನಾನು ವಾದಿಸಲಾರೆ. ಜನಸಂಖ್ಯೆ ಹೆಚ್ಚಿ, ಬಿಟ್ಟ ತುಂಡಿಗೆ ಬೇಗನೆ ಮರಳಿದ ಕಡೆಗಳಲ್ಲಿ ಗುಡ್ಡ ಬೋಳಾಗಿದ್ದುದು ದಿಟ. ಆದರೆ ಕೊಡಲಿಯನ್ನು ಕುಣಬಿಯ ಕೈಯಿಂದ ಕಸಿದವರು ಅದನ್ನು ಕೆಳಗಿಡಲಿಲ್ಲ. ಗುತ್ತಿಗೆದಾರನ ಕೈಗೆ ಕೊಟ್ಟರು ಎಂಬುದನ್ನು ಮರೆಯಬಾರದು. ಗುಡ್ಡದ ಬೇಸಾಯ ಕಳೆದುಕೊಂಡವರು ಅದೇ ಗುಡ್ಡದಲ್ಲಿ ದಿನಗೂಲಿಗೆ ಮರ ಕಡಿದರು. ಅವರಲ್ಲಿ ಉಳಿದುಬಂದ ಸಂಪತ್ತೆಂದರೆ ಗಡ್ಡೆಗೆಣಸು. ಮನೆಯ ಹಿತ್ತಿಲಲ್ಲಿ ಬೆಳೆಯುವ ದೊಡ್ಡ ಗಾತ್ರದ ಮುಡ್ಲಿ ಮೊದಲಾದ ಗಡ್ಡೆಗಳನ್ನು ಕುಣಬಿ ಹೆಂಗಸರು ತಲೆಮಾರುಗಳಿಂದ ಜೋಪಾನ ಮಾಡಿಕೊಂಡು ಬಂದಿದ್ದಾರೆ. ಕೆಲವು ವರ್ಷಗಳಿಂದ ಜೋಯಿಡಾದಲ್ಲಿ ಇವುಗಳ ಮೇಳವೇ ನಡೆಯುತ್ತಿದ್ದು, ದೂರದ ಪಟ್ಟಣಗಳವರು ಬಂದು ಕೊಳ್ಳುತ್ತಾರೆ. ಬಡವರ ಊಟವೆಂದು ಹಿಂದೆ ಮೂಗುಮುರಿದವರ ಮೊಮ್ಮಕ್ಕಳು ಇಂದು ಸಾಲಿನಲ್ಲಿ ನಿಲ್ಲುವುದನ್ನು ಕಂಡರೆ ಸಮಾಧಾನವೆನಿಸುತ್ತದೆ.

ಈ ಸೀಮೆಗೆ ಬಂದು ನೆಲೆಸಿದವರು ಹಲವರು. ಗೋವೆಯಿಂದ ಘಟ್ಟ ಹತ್ತಿಬಂದ ಕೊಂಕಣಿ ಮಾತಿನ ಕಥೋಲಿಕರು ಜೊತೆಗೆ ತಂದುದು ವಿಶ್ವಾಸವನ್ನು, ಹೊಸತೆನೆಯನ್ನು ದೇವರ ಪೀಠದ ಮುಂದಿರಿಸಿ ಆಶೀರ್ವಾದ ಪಡೆದು ಉಣ್ಣುವ ಸಂಪ್ರದಾಯವನ್ನು. ಎಮ್ಮೆಗಳನ್ನು ಹೊಡೆದುಕೊಂಡು ಮಹಾರಾಷ್ಟ್ರದ ಘಟ್ಟಗಳಿಂದ ಬಂದ ಗೌಳಿಗರು ಕಾಡಿನಂಚಿನಲ್ಲಿ ದೊಡ್ಡಿ ಕಟ್ಟಿದರು. ಅವರ ಗೊಬ್ಬರವಿಲ್ಲದೆ ಹಳಿಯಾಳದ ಎಷ್ಟೋ ಹೊಲಗಳು ಫಲ ಕೊಡುತ್ತಿರಲಿಲ್ಲ. ಹಳಿಯಾಳ ಕುಸ್ತಿಗೆ ಹೆಸರಾದುದರಲ್ಲಿ ಅವರ ಎಮ್ಮೆಹಾಲಿನ ಪಾಲೂ ಇದ್ದೀತೆಂದು ನನ್ನ ಊಹೆ. ಮುಂಡಗೋಡದ ಕಡೆ ಲಂಬಾಣಿಗರ ತಾಂಡಾಗಳು ಎದ್ದವು.

ಎಲ್ಲರಿಗಿಂತ ಕಷ್ಟದ ದಾರಿಯಲ್ಲಿ ಬಂದವರು ಸಿದ್ಧಿಗಳು. ಆಫ್ರಿಕದ ಪೂರ್ವ ತೀರದಿಂದ ಪೋರ್ತುಗೀಜರ ಹಡಗುಗಳಲ್ಲಿ ಗೋವೆಗೆ ತರಲ್ಪಟ್ಟು, ಗುಲಾಮರಾಗಿ ಮಾರಲ್ಪಟ್ಟವರ ಸಂತತಿಯವರು ಇವರು. ಕೆಲವರು ಬಿಡುಗಡೆ ಹೊಂದಿದವರು, ಹಲವರು ತಪ್ಪಿಸಿಕೊಂಡು ಕಾಡು ಸೇರಿದವರು. ಗುಲಾಮರನ್ನು ಕೊಂಡವರೂ ಮಾರಿದವರೂ ಕ್ರಿಸ್ತನ ಹೆಸರು ಹೇಳುತ್ತಿದ್ದವರೆಂಬುದನ್ನು ಇಗರ್ಜಿಯ ಸಂಚಿಕೆಯಲ್ಲಿ ಮುಚ್ಚಿಡುವುದು ತರವಲ್ಲ. ಹಳಿಯಾಳ ತಾಲೂಕಿನ ಸಿದ್ಧಿಗಳಲ್ಲಿ ಬಹುಮಂದಿ ಕಥೋಲಿಕರು, ಕೆಲವರು ಮುಸಲ್ಮಾನರು. ಯಲ್ಲಾಪುರ, ಅಂಕೋಲೆಗಳ ಕಡೆ ಹಿಂದೂಗಳು. ಮುಂಡಗೋಡದ ಮೈನಳ್ಳಿ, ಗುಂಜಾವತಿ ಮೊದಲಾದ ಊರುಗಳಲ್ಲಿಯೂ ಅವರ ನೆಲೆಗಳಿವೆ. ಮೂರು ಮತದವರಾದರೂ ಡಮಾಮಿಯ ಬಡಿತ ಒಂದೇ. ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಅವರ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳನ್ನು ಈಗ ಪರದೇಶದ ವಸ್ತುಸಂಗ್ರಹಾಲಯಗಳವರೂ ಮೆಚ್ಚುತ್ತಾರೆ. ಕಥೋಲಿಕರ ಮನೆಯ ಕೌದಿಯಲ್ಲಿ ಶಿಲುಬೆಯ ತೇಪೆಯನ್ನೂ ಕಾಣಬಹುದು. ಇವರು ಕಾಡಿನ ಅಂಚನ್ನು ಸವರಿ ಹೊಲ ಮಾಡಿದರು, ಬೇರೆಯವರ ಹೊಲದಲ್ಲಿ ಜೀತವನ್ನೂ ಮಾಡಿದರು. ಪರಿಶಿಷ್ಟ ಪಂಗಡವೆಂಬ ಮನ್ನಣೆ ಅವರಿಗೆ ದೊರೆತುದು 2003ರಲ್ಲಿ.

ದಾಂಡೇಲಿಯ ಬೆಳವಣಿಗೆ ಬೇಸಾಯದಿಂದ ಆದುದಲ್ಲ, ಮರದಿಂದ ಆದುದು. ದಾಂಡೇಲಪ್ಪನೆಂಬ ನಿಷ್ಠಾವಂತ ಸೇವಕನಿಂದ ಊರಿಗೆ ಹೆಸರು ಬಂದಿತೆಂದು ಐತಿಹ್ಯವಿದೆ. 1880ರ ದಶಕದ ಕೊನೆಗೆ ಮರ್ಮಗೋವೆಯ ರೈಲುಮಾರ್ಗ ಕ್ಯಾಸಲ್‌ರಾಕ್‌ನಲ್ಲಿ ಘಟ್ಟ ಹತ್ತಿತು. ಮುಂದೆ ಆಳ್ನಾವರದಿಂದ ದಾಂಡೇಲಿಗೆ ಕವಲು ಹಾದಿ ಬಂದು ಮರದ ದಿಮ್ಮಿಗಳನ್ನು ಹೊತ್ತೊಯ್ದಿತು. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಗೊಂಡು 1959ರಲ್ಲಿ ಉತ್ಪಾದನೆ ಆರಂಭಿಸಿತು. ಸ್ಥಾಪಕರಾದ ಬಂಗೂರ ಮನೆತನದ ಹೆಸರಿನಿಂದ ಬಂಗೂರನಗರ ಎದ್ದಿತು. ಎಕರೆಗೆ ಮೂರು ಚೀಲ ಭತ್ತ ಬಂದರೆ ಸಾಕೆನ್ನುತ್ತಿದ್ದ ಮನೆಗಳ ಮಕ್ಕಳು ಗಂಟೆಯ ಸದ್ದಿಗೆ ಕೆಲಸಕ್ಕೆ ಹೋಗಿ ತಿಂಗಳ ಪಗಾರ ತಂದರು. ಅನೇಕ ಕುಟುಂಬಗಳು ಶಾಲೆ, ಆಸ್ಪತ್ರೆ, ಹೆಂಚಿನ ಮನೆ ಕಂಡುದು ಆ ಪಗಾರದಿಂದಲೇ. ಅದೇ ಹೊತ್ತಿಗೆ, ರೈತನ ಬುಟ್ಟಿ, ಕೂರಿಗೆಯ ಕೊಳವೆ, ಮನೆಯ ಗೋಡೆ, ಎಲ್ಲಕ್ಕೂ ಒದಗುತ್ತಿದ್ದ ಬಿದಿರು ಲಾರಿಗಳಲ್ಲಿ ಕಾಗದವಾಗಲು ಹೊರಟಿತು. ಕಾಗದವಿಲ್ಲದೆ ಭೂಮಿ ಕಳೆದುಕೊಂಡವರ ಸೀಮೆಯಿಂದ ದೇಶಕ್ಕೆ ಕಾಗದ ಹೋಯಿತು.

ಸೂಪಾದ ವಿಷಯವನ್ನು ಹೇಳದೆ ಮುಂದುವರಿಯಲಾಗದು. ಕಾಳೀ ಮತ್ತು ಪಾಂಢರಿ ನದಿಗಳ ಸಂಗಮದಲ್ಲಿದ್ದ ಸೂಪಾ ನಮ್ಮ ಸೀಮೆಯ ಹಳೆಯ ಪೇಟೆ, ತಾಲೂಕಿನ ಕೇಂದ್ರ. ಕಾಳೀ ವಿದ್ಯುತ್ ಯೋಜನೆಗಾಗಿ ಗಣೇಶಗುಡಿಯಲ್ಲಿ 101 ಮೀಟರು ಎತ್ತರದ ಅಣೆಕಟ್ಟು ಎದ್ದಿತು. 1980ರ ದಶಕದಲ್ಲಿ ನೀರು ನಿಂತು ಸೂಪಾ ಪೇಟೆಯೂ ಸುತ್ತಲಿನ ಹಳ್ಳಿಗಳೂ ಮುಳುಗಿದವು. ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಹೋದವು. ನಿರಾಶ್ರಿತರಿಗಾಗಿ ರಾಮನಗರ ಎಂಬ ಹೊಸ ಊರು ಆಯಿತು. ಸುಮಾರು 145 ಟಿ.ಎಂ.ಸಿ. ನೀರು ಹಿಡಿಯುವ ಆ ಜಲಾಶಯವು ಕತ್ತಲಲ್ಲಿದ್ದ ನಾಡಿಗೆ ಬೆಳಕು ಕೊಟ್ಟಿತೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ನದಿದಂಡೆಯ ಗದ್ದೆಯ ಮಣ್ಣು ಬೇರೆ, ಹೊಸ ಊರಿನ ಮಣ್ಣು ಬೇರೆ. ಯಾವ ಮಳೆಗೆ ಯಾವ ತುಂಡಿನಲ್ಲಿ ನೀರು ನಿಲ್ಲುತ್ತದೆ, ಯಾವ ಬದುವಿನಲ್ಲಿ ಏಡಿ ತೂತು ಕೊರೆಯುತ್ತದೆ, ಯಾವ ಗದ್ದೆಗೆ ಯಾವ ತಳಿ ಒಗ್ಗುತ್ತದೆ ಎಂಬ ಅರಿವು ತಲೆಮಾರುಗಳ ಗಳಿಕೆ. ಅದಕ್ಕೆ ಯಾವ ಪರಿಹಾರದ ಪಟ್ಟಿಯಲ್ಲಿಯೂ ಕಲಮು ಇರುವುದಿಲ್ಲ.

ಇದಕ್ಕೆ ಪ್ರತಿಯಾಗಿ ಮುಂಡಗೋಡವು ಮನೆ ಕಳೆದುಕೊಂಡವರಿಗೆ ಆಸರೆ ಕೊಟ್ಟ ತಾಲೂಕು. ಸ್ವದೇಶವನ್ನು ಬಿಟ್ಟುಬಂದ ಟಿಬೇಟಿಯನ್ನರಿಗಾಗಿ 1966ರಲ್ಲಿ ಇಲ್ಲಿ ಸುಮಾರು 4,000 ಎಕರೆಗಳಲ್ಲಿ ವಸತಿ ಏರ್ಪಟ್ಟಿತು. ಹಿಮದ ನಾಡಿನಲ್ಲಿ ಜವೆಗೋದಿ ಬೆಳೆಯುತ್ತಿದ್ದವರು ನಮ್ಮ ಮಳೆಗಾಲದಲ್ಲಿ ಗೋವಿನಜೋಳವನ್ನೂ ಭತ್ತವನ್ನೂ ಬೆಳೆಯಲು ಕಲಿತರು. ಸುತ್ತಲಿನ ಭೂಹೀನರಿಗೆ ಇಷ್ಟು ಭೂಮಿ ಒಟ್ಟಿಗೆ ಎಂದೂ ದೊರೆಯಲಿಲ್ಲವಲ್ಲ ಎಂಬ ಮಾತನ್ನು ಅಲ್ಲಿಯ ಬಡವರಿಂದ ಕೇಳಿದ್ದೇನೆ. ಆ ಮಾತಿನಲ್ಲಿ ಅತಿಥಿಗಳ ಮೇಲಿನ ದ್ವೇಷಕ್ಕಿಂತ ತಮ್ಮ ಸ್ಥಿತಿಯ ಬಗೆಗಿನ ನೋವೇ ಹೆಚ್ಚಾಗಿದ್ದಿತು.

ಭೂಮಿಯ ಒಡೆತನದ ಪ್ರಶ್ನೆ ಎರಡು ಬಗೆಯಾಗಿ ಬೆಳೆಯಿತು. ಗೇಣಿದಾರರ ಪರವಾಗಿ ಈ ಜಿಲ್ಲೆಯಲ್ಲಿ 1940ರ ಹೊತ್ತಿಗೇ ದಿನಕರ ದೇಸಾಯಿಯವರು ಹೋರಾಡಿದ್ದರು. 1974ರ ಭೂಸುಧಾರಣಾ ತಿದ್ದುಪಡಿಯಿಂದ ಉಳುವವನೇ ಹೊಲದೊಡೆಯನಾಗುವ ಮಾರ್ಗ ತೆರೆಯಿತು. ಏಳನೆಯ ನಮೂನೆಯ ಅರ್ಜಿ ಹಾಕಿ ನ್ಯಾಯಮಂಡಳಿಯ ಮುಂದೆ ನಿಂತ ಗೇಣಿದಾರರಲ್ಲಿ ನಮ್ಮವರೂ ಇದ್ದರು. ಆದರೆ ಅರಣ್ಯವೆಂದು ಬರೆಯಲ್ಪಟ್ಟ ಭೂಮಿಯನ್ನು ಉಳುತ್ತಿದ್ದವನಿಗೆ ಆ ಕಾಯಿದೆಯಿಂದ ಏನೂ ಸಿಗಲಿಲ್ಲ. ಅವನ ಹೆಸರು ಅತಿಕ್ರಮಣದಾರ. 27 ಏಪ್ರಿಲ್ 1978ಕ್ಕೆ ಹಿಂದಿನ ಅತಿಕ್ರಮಣಗಳನ್ನು ಸಕ್ರಮಗೊಳಿಸುವ ಮಾತು ಬಂದಿತು. 1980ರ ಅರಣ್ಯ ಸಂರಕ್ಷಣಾ ಕಾಯಿದೆ ದಾರಿಯನ್ನು ಕಿರಿದಾಗಿಸಿತು. ಕೊನೆಗೆ 2006ರ ಅರಣ್ಯ ಹಕ್ಕು ಕಾಯಿದೆ ಬಂದಿತು.

ಈ ಕಾಯಿದೆಯ ಒಂದು ಅಂಶವನ್ನು ಪ್ರತಿಯೊಬ್ಬ ಓದುಗರೂ ತಿಳಿದಿರಬೇಕು. ಪರಿಶಿಷ್ಟ ಪಂಗಡದವರು 13 ಡಿಸೆಂಬರ್ 2005ಕ್ಕೆ ಮೊದಲು ಆ ಭೂಮಿಯಲ್ಲಿದ್ದುದನ್ನು ತೋರಿಸಿದರೆ ಸಾಕು. ಉಳಿದ ಅರಣ್ಯವಾಸಿಗಳು ಅದಕ್ಕೂ ಹಿಂದಿನ ಮೂರು ತಲೆಮಾರು, ಎಂದರೆ 75 ವರ್ಷ, ತಮ್ಮವರು ಅಲ್ಲಿ ವಾಸವಿದ್ದುದನ್ನು ಸಿದ್ಧಪಡಿಸಬೇಕು. ಆದುದರಿಂದ ಸಿದ್ಧಿಗೆ ಒಂದು ಅಳತೆ, ಅವನ ಪಕ್ಕದ ಹೊಲದ ಕುಣಬಿಗೆ ಅಥವಾ ಗೌಳಿಗೆ ಇನ್ನೊಂದು ಅಳತೆ. ಕುಣಬಿಗಳು ತಮ್ಮನ್ನೂ ಆ ಪಟ್ಟಿಗೆ ಸೇರಿಸಬೇಕೆಂದು ಬಹುಕಾಲದಿಂದ ಕೇಳುತ್ತಿರುವುದಕ್ಕೆ ಇದೂ ಒಂದು ಕಾರಣ. 1930ರ ಹೊತ್ತಿನ ಲಿಖಿತ ಪುರಾವೆಯನ್ನು ಅಕ್ಷರ ಕಲಿಯದವರ ಮನೆಯಲ್ಲಿ ಹುಡುಕುವುದಾದರೂ ಹೇಗೆ? ಹಿರಿಯರ ಹೇಳಿಕೆ, ವಂಶಾವಳಿ ಇವುಗಳನ್ನೂ ಪುರಾವೆಯಾಗಿ ಪರಿಗಣಿಸಬಹುದೆಂದು ನಿಯಮಗಳಲ್ಲಿ ಹೇಳಿದೆಯಾದರೂ ಕಾಗದ ತರಲಿಲ್ಲವೆಂದು ಹಿಂದಿರುಗಿಸಿಕೊಂಡು ಬಂದವರನ್ನು ನಾನು ಕಂಡಿದ್ದೇನೆ.

ಇಲ್ಲಿ ನಮ್ಮ ಇಗರ್ಜಿಯ ಕಪಾಟಿನತ್ತ ನೋಡಬೇಕಾಗಿದೆ. ನಮ್ಮ ಸೀಮೆಯ ಧರ್ಮಕೇಂದ್ರಗಳು ಮೊದಲು ಗೋವೆಯ ಮಹಾಧರ್ಮಾಧ್ಯಕ್ಷರ ಆಡಳಿತದಲ್ಲಿದ್ದವು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯಕ್ಕೂ 1976ರಲ್ಲಿ ಕಾರವಾರ ಧರ್ಮಪ್ರಾಂತ್ಯಕ್ಕೂ ಸೇರಿದವು. ಆಡಳಿತ ಬದಲಾದರೂ ಜ್ಞಾನಸ್ನಾನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳನ್ನು ಬರೆಯುವ ಕ್ರಮ ತಪ್ಪಲಿಲ್ಲ. ಗೋವೆಯ ಕಾಲದ ಬರಹ ಪೋರ್ತುಗೀಜ್ ಭಾಷೆಯಲ್ಲಿರುವುದು ಸಾಮಾನ್ಯ. ಶಾಯಿ ಮಾಸಿರಬಹುದು, ಹುಳು ತಿಂದಿರಬಹುದು. ಆದರೆ ಮಗುವಿನ ಹೆಸರು, ತಂದೆತಾಯಿಯರ ಹೆಸರು, ಅವರು ಯಾವ ಹಳ್ಳಿಯವರೆಂಬುದು, ತಾರೀಖು, ಇವಿಷ್ಟೂ ಅಲ್ಲಿ ಸಿಗುತ್ತವೆ. ಸರಕಾರದ ಯಾವ ದಫ್ತರದಲ್ಲಿಯೂ ಹೆಸರಿಲ್ಲದ ಸಿದ್ಧಿ ಕೂಲಿಯವನ, ಗೇಣಿದಾರನ, ಕಾಡಿನಂಚಿನ ಗುಡಿಸಲಿನವನ ವಂಶಾವಳಿಗೆ ಆ ಪುಟದಲ್ಲಿ ಆಧಾರವಿರಬಹುದು. ಅದೊಂದೇ ಸಾಕೆಂದು ನಾನು ಹೇಳುವುದಿಲ್ಲ. ಉಳಿದ ಪುರಾವೆಗಳ ಜೊತೆಗೆ ಅದು ನಿಲ್ಲಬಲ್ಲದು. ಶತಮಾನೋತ್ಸವದ ವೆಚ್ಚದ ಪಟ್ಟಿಯಲ್ಲಿ ಈ ಪುಸ್ತಕಗಳ ರಟ್ಟು ಕಟ್ಟಿಸುವುದಕ್ಕೂ, ಹಳ್ಳಿಯ ಹೆಸರಿನ ಪ್ರಕಾರ ಕನ್ನಡದಲ್ಲಿ ಅವುಗಳ ಸೂಚಿ ಬರೆಯಿಸುವುದಕ್ಕೂ ಸ್ವಲ್ಪ ಹಣ ಇರಿಸಬೇಕೆಂದು ಸಮಿತಿಯವರಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ಹಳೆಯ ಪೋರ್ತುಗೀಜ್ ಕೈಬರಹವನ್ನು ಓದಬಲ್ಲ ಹಿರಿಯ ಗುರುಗಳು ಇಂದು ವಿರಳ. ಆ ಕೆಲಸ ಅವರು ಇರುವಾಗಲೇ ಆಗಬೇಕು, ಸಾಧ್ಯವಾದರೆ ಬರುವ ರೋಹಿಣಿ ಮಳೆಗೆ ಮೊದಲೇ. ಮಳೆಗಾಲ ಹಿಡಿದ ಮೇಲೆ ನಮ್ಮ ಕಪಾಟುಗಳಿಗೆ ತೇವ ಬರುತ್ತದೆ.